ಅಂಗಡಿಯಲ್ಲಿ ದೊರೆಯದ ಸಾಹಸ ಪುಸ್ತಕಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿದರು. ಶಾಲೆಯ ಸ್ಥಾಪನೆ, ದಾನಿಗಳು, ಕಟ್ಟಡ ಇವುಗಳ ಇತಿಹಾಸವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರಿದ್ದಾರೆಂದು ಹೇಳಿ, ಬೇರೊಂದು ವಿಷಯಕ್ಕೆ ಅವರ ಅನುಮತಿ ಪಡೆದೆ. ಮಹೋತ್ಸವದ ದಿನ ಎರಡು ತಗಡಿನ ಟ್ರಂಕುಗಳನ್ನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಲಿದ್ದೇನೆ. ಅವುಗಳೊಳಗೆ ಏನಿದೆ, ಅದನ್ನು ಏಕೆ ಕೂಡಿಸಿದೆ, ಮುಂದೆ ಹೇಗೆ ಕಾಪಾಡಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಟ್ರಂಕುಗಳಲ್ಲಿರುವುದು ಮಕ್ಕಳ ಸಾಹಸ ಕಥೆಗಳು. ಆದರೆ ಅವು ಯಾವ ಪ್ರಕಾಶಕರೂ ಪುಸ್ತಕವಾಗಿ ನಮಗೆ ಮಾರಿದವಲ್ಲ. ‘ಚಂದಮಾಮ’ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಧಾರಾವಾಹಿಗಳನ್ನು ಓದುಗರೇ ಹಾಳೆ ಬಿಡಿಸಿ, ಕ್ರಮವಾಗಿ ಜೋಡಿಸಿ, ದಬ್ಬಣದಿಂದ ಹೊಲಿದು ಪುಸ್ತಕ ಮಾಡಿಕೊಂಡರು. ಇಂದಿನ ಮಕ್ಕಳಿಗೆ ಇದು ವಿಚಿತ್ರವಾಗಿ ಕಾಣಬಹುದು. ನನ್ನ ಬಾಲ್ಯದಲ್ಲಿ ರಾಯದುರ್ಗದ ಓದುವ ಮನೆಗಳಲ್ಲಿ ಇದು ಉಪ್ಪಿನಕಾಯಿ ಹಾಕುವಷ್ಟೇ ಸಹಜವಾದ ಕೆಲಸವಾಗಿತ್ತು.

ಮೊದಲು ಪತ್ರಿಕೆಯ ವಿಷಯ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು ಮಿತ್ರರು 1947ರ ಜುಲೈ ತಿಂಗಳಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಇದನ್ನು ಆರಂಭಿಸಿದರು. ಚಲನಚಿತ್ರ ನೋಡುವವರಿಗೆ ‘ಮಾಯಾಬಜಾರ್’ ತೆಗೆದ ವಿಜಯಾ ಸಂಸ್ಥೆಯವರೆಂದರೆ ಕೂಡಲೇ ಗುರುತು ಸಿಕ್ಕೀತು. ಕನ್ನಡ ಆವೃತ್ತಿ 1949ರ ಜುಲೈನಲ್ಲಿಯೂ, ಹಿಂದಿ ಅದರ ಮರುತಿಂಗಳಲ್ಲಿಯೂ ಹೊರಬಂದವು. ಮುಂದೆ ಮರಾಠಿ, ಮಲೆಯಾಳ, ಗುಜರಾತಿ, ಒಡಿಯಾ ಎಂದು ಬೆಳೆಯುತ್ತಾ, 1984ರ ಹೊತ್ತಿಗೆ ಸಂಸ್ಕೃತದಲ್ಲಿಯೂ ಬಂದಿತು. ಒಂದೇ ಕಥೆ, ಒಂದೇ ಚಿತ್ರ, ಲಿಪಿ ಮಾತ್ರ ಬೇರೆ.

ಈ ‘ಲಿಪಿ ಮಾತ್ರ ಬೇರೆ’ ಎಂಬುದು ಬೆಂಗಳೂರಿನ ಹುಡುಗನಿಗೆ ತಿಳಿಯುವ ಸಂಭವ ಕಡಿಮೆ. ನಮಗೆ ಅದು ನಿತ್ಯದ ಅನುಭವ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆಗ ನನಗೆ ಮೂರು ವರ್ಷ. ಓದಲು ಕಲಿಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಎರಡು ಚಂದಮಾಮಗಳು ಬರುತ್ತಿದ್ದವು. ನಮ್ಮ ಮನೆಗೆ ಕನ್ನಡದ್ದು, ಎದುರು ಮನೆಗೆ ತೆಲುಗಿನದು. ಒಂದು ಮೊದಲು ಬಂದರೆ ಇನ್ನೊಂದಕ್ಕೆ ಕಾಯುವ ತಾಳ್ಮೆ ಯಾರಿಗಿತ್ತು? ಎದುರು ಮನೆಯ ಜಗಲಿಯಲ್ಲಿ ಕುಳಿತು, ಚಿತ್ರವನ್ನು ನೋಡಿ ಅರ್ಥ ಊಹಿಸುತ್ತಾ ನಾನು ತೆಲುಗು ಅಕ್ಷರಗಳನ್ನು ಕಲಿತೆ. ನಮ್ಮೆರಡು ಲಿಪಿಗಳು ಅಕ್ಕತಂಗಿಯರಂತಿರುವುದರಿಂದ ಅದೇನೂ ಘನಕಾರ್ಯವಲ್ಲ. ತಲೆಕಟ್ಟಿನ ವ್ಯತ್ಯಾಸವೊಂದು ಕಣ್ಣಿಗೆ ಒಗ್ಗಿದರೆ ಅರ್ಧ ದಾರಿ ಸವೆದಂತೆ.

ಸಾಹಸ ಧಾರಾವಾಹಿಗಳು 1954ರಲ್ಲಿ ಬಂದ ‘ತೋಕಚುಕ್ಕ’ದಿಂದ ಹೊಸ ಹುರುಪು ಪಡೆದವು. ತೋಕಚುಕ್ಕವೆಂದರೆ ಧೂಮಕೇತು. ಇಲ್ಲಿ ತೆಲುಗು ಹೆಸರುಗಳನ್ನೇ ಕೊಡುತ್ತಿದ್ದೇನೆ, ಏಕೆಂದರೆ ಮೂಲದಲ್ಲಿ ಅವು ತೆಲುಗಿನಲ್ಲಿ ರಚಿತವಾದವು. ‘ಮಕರದೇವತ’, ‘ಕಂಚುಕೋಟ’, ‘ಜ್ವಾಲಾದ್ವೀಪಂ’, ‘ರಾಕಾಸಿ ಲೋಯ’, ‘ಪಾತಾಳದುರ್ಗಂ’, ‘ಶಿಥಿಲಾಲಯಂ’, ‘ಮಾಯಾಸರೋವರಂ’ ಮುಂತಾಗಿ 1970ರ ದಶಕದ ಕೊನೆಯವರೆಗೆ ಹನ್ನೆರಡು ಬಂದವು. ಕಾಡು, ಪಾಳುಗುಡಿ, ಮಾಂತ್ರಿಕ, ವಿಕಾರ ಮೃಗ, ಇವುಗಳ ನಡುವೆ ಇಬ್ಬರು ಗೆಳೆಯರು. ‘ಶಿಥಿಲಾಲಯಂ’ನಲ್ಲಿ ಶಿಖಿಮುಖಿ ಮತ್ತು ವಿಕ್ರಮಕೇಸರಿ, ‘ಮಾಯಾಸರೋವರಂ’ನಲ್ಲಿ ಜಯಶೀಲ ಮತ್ತು ಸಿದ್ಧಸಾಧಕ. ಪ್ರತಿಯೊಂದು ಕಂತೂ ಬಂಡೆಯ ತುದಿಯಲ್ಲಿಯೋ ಹುಲಿಯ ಬಾಯಲ್ಲಿಯೋ ನಿಲ್ಲುತ್ತಿತ್ತು. ಉಳಿದದ್ದಕ್ಕೆ ಒಂದು ತಿಂಗಳು.

ಇವೆಲ್ಲವನ್ನೂ ಬರೆದವರು ದಾಸರಿ ಸುಬ್ರಹ್ಮಣ್ಯಂ (1932–2010). ಆದರೆ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಸಂಪಾದಕ ವರ್ಗದಲ್ಲಿದ್ದವರ ಬರಹಕ್ಕೆ ಹೆಸರು ಹಾಕುವ ಪದ್ಧತಿ ಅಲ್ಲಿರಲಿಲ್ಲ. 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಪತ್ರಿಕೆಯನ್ನು ತಿದ್ದಿ ನಡೆಸಿದ, ತೆಲುಗಿನ ದೊಡ್ಡ ಕಥೆಗಾರ ಕೊಡವಟಿಗಂಟಿ ಕುಟುಂಬರಾಯರ ವಿಷಯದಲ್ಲಿಯೂ ಹೀಗೆಯೇ. ನನ್ನ ಬಾಲ್ಯವನ್ನು ತುಂಬಿದ ಲೇಖಕನ ಹೆಸರು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಚಿತ್ರಕಾರರು ಮಾತ್ರ ಚಿತ್ರದ ಮೂಲೆಯಲ್ಲಿ ಸಹಿ ಮಾಡುತ್ತಿದ್ದುದರಿಂದ ಅವರು ನಮಗೆ ಪರಿಚಿತರು. ಈ ಧಾರಾವಾಹಿಗಳಿಗೆ ರೂಪ ಕೊಟ್ಟವರು ‘ಚಿತ್ರಾ’ ಎಂಬ ಹೆಸರಿನ ಟಿ.ವಿ. ರಾಘವನ್. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಬರೆದವರು 2020ರಲ್ಲಿ ತೀರಿಕೊಂಡ ಶಂಕರ್. ಮಹಾಭಾರತದ ಮುಖಪುಟಗಳಿಂದ ಹೆಸರಾದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರೇ ಎಂಬುದನ್ನು ಇಲ್ಲಿ ಹೆಮ್ಮೆಯಿಂದ ಹೇಳಬಹುದು.

ಈಗ ಪುಸ್ತಕವಾಗುತ್ತಿದ್ದ ಬಗೆ. ಧಾರಾವಾಹಿ ಮುಗಿದ ತಿಂಗಳು ನಮ್ಮ ಅಕ್ಕ ಹಳೆಯ ಸಂಚಿಕೆಗಳನ್ನೆಲ್ಲ ನೆಲದ ಮೇಲೆ ಹರಡುತ್ತಿದ್ದಳು. ಪಿನ್ನುಗಳನ್ನು ಬಿಡಿಸಿ, ಬೇಕಾದ ಹಾಳೆಗಳನ್ನು ಮಾತ್ರ ತೆಗೆದು, ಅಂಚು ಸಮ ಮಾಡಿ, ದಬ್ಬಣದಿಂದ ಮೂರು ತೂತು ಹಾಕಿ ಹುರಿಯಿಂದ ಬಿಗಿಯುತ್ತಿದ್ದಳು. ಸಿಮೆಂಟು ಚೀಲದ ಕಂದು ಕಾಗದವೇ ರಟ್ಟು. ಅದರ ಮೇಲೆ ಮಸಿಯಲ್ಲಿ ಹೆಸರು, ಕೆಳಗೆ ‘ಹಿಂದಿರುಗಿಸತಕ್ಕದ್ದು’ ಎಂಬ ಕಟ್ಟಪ್ಪಣೆ. ಈ ಪುಸ್ತಕ ಬೀದಿಯೆಲ್ಲ ಸುತ್ತಿ ಬರುತ್ತಿತ್ತು. ಹಾಳೆ ಕಿತ್ತ ಸಂಚಿಕೆಗಳು ಮಾತ್ರ ಗತಿಯಿಲ್ಲದೆ ಒಲೆಗೋ ಕಡಲೆಕಾಯಿ ಪೊಟ್ಟಣಕ್ಕೋ ಹೋಗುತ್ತಿದ್ದವು. ಇಂದು ಹಳೆಯ ಚಂದಮಾಮ ಕೂಡಿಸುವವರು ಎದುರಿಸುವ ಮುಖ್ಯ ತೊಡಕೇ ಇದು. ಸಂಚಿಕೆ ಸಿಕ್ಕಿದರೆ ನಡುವಿನ ಧಾರಾವಾಹಿ ಇರುವುದಿಲ್ಲ, ಧಾರಾವಾಹಿಯ ಕಟ್ಟು ಸಿಕ್ಕಿದರೆ ಅದು ಯಾವ ವರ್ಷದ್ದೆಂದು ಹೇಳುವ ಮುಖಪುಟ ಇರುವುದಿಲ್ಲ. ಸಂಗ್ರಹಕಾರರು ಹಾಳೆ ಕಿತ್ತವರನ್ನು ಬಯ್ಯುವುದನ್ನು ಕೇಳಿದ್ದೇನೆ. ನನಗೆ ಬಯ್ಯಲು ಬಾಯಿ ಬರುವುದಿಲ್ಲ. ನಮ್ಮ ಅಕ್ಕನೇ ಆ ಅಪರಾಧಿ.

ಅದಕ್ಕಿಂತ ದೊಡ್ಡ ಅಪರಾಧ ನನ್ನದು. 1998ರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಇಲಾಖೆಯ ತನಿಖೆ ಬರುವುದಿತ್ತು. ಶಾಲೆಯ ಬೀರುವೊಂದರಲ್ಲಿ ಊರಿನ ಹಿರಿಯರೊಬ್ಬರು ಕೊಟ್ಟಿದ್ದ ಹನ್ನೊಂದು ವರ್ಷಗಳ ಕನ್ನಡ ಚಂದಮಾಮ, ಹಾಳೆ ಕೀಳದೆ ಇದ್ದವು, ಧೂಳು ಹಿಡಿದು ಕುಳಿತಿದ್ದವು. ದಾಖಲೆ ಪುಸ್ತಕದಲ್ಲಿ ಅವುಗಳ ನಮೂದಿರಲಿಲ್ಲ. ನಮೂದಿಲ್ಲದ ವಸ್ತು ಬೀರುವಿನಲ್ಲಿ ಏಕಿದೆಯೆಂದು ಕೇಳಿದರೆ ಉತ್ತರವೇನು ಎಂಬ ಅಂಜಿಕೆಯಿಂದ ರದ್ದಿಯವನನ್ನು ಕರೆಸಿದೆ. ತೂಗುವಾಗ ಅವನೇ ತಡೆದು, “ಮೇಷ್ಟ್ರೇ, ಇವು ಹುಡುಗರ ಪುಸ್ತಕ ಅಲ್ವರೀ?” ಎಂದು ಕೇಳಿದ. “ತೂಗಪ್ಪಾ” ಎಂದೆ. ತನಿಖೆಗೆ ಬಂದವರು ಆ ಬೀರುವಿನ ಬಾಗಿಲನ್ನೇ ತೆಗೆಸಲಿಲ್ಲ. ಅದೇ ವರ್ಷ ಪತ್ರಿಕೆಯೂ ನಿಂತಿತು. 1999ರ ಕೊನೆಗೆ ಮತ್ತೆ ಆರಂಭವಾದರೂ, ಕೈ ಬದಲಾಗಿ, 2013ರ ಹೊತ್ತಿಗೆ ಪೂರ್ತಿಯಾಗಿ ನಿಂತುಹೋಯಿತು. ನಾನು ಮಾರಿದ್ದು ಮತ್ತೆ ಅಚ್ಚಾಗುವ ವಸ್ತುವಲ್ಲವೆಂಬುದು ಆಗ ಮನಸ್ಸಿಗೆ ಬಂದಿತು. 2008ರಲ್ಲಿ ನಿವೃತ್ತನಾದ ಮೇಲೆ ಹುಡುಕಾಟ ಆರಂಭಿಸಿದೆ.

ಹುಡುಕಿದ ಸ್ಥಳಗಳು ಬಳ್ಳಾರಿ, ಆದವಾನಿ, ಗುಂತಕಲ್ಲು, ಬೆಂಗಳೂರಿನ ಅವೆನ್ಯೂ ರಸ್ತೆ, ಭಾನುವಾರಗಳಲ್ಲಿ ಹೈದರಾಬಾದಿನ ಆಬಿಡ್ಸ್ ಪಾದಚಾರಿ ಮಾರ್ಗ. ಆದರೆ ನನಗೆ ಹೆಚ್ಚು ದೊರೆತದ್ದು ಅಂಗಡಿಗಳಲ್ಲಲ್ಲ, ಮನೆ ಒಡೆದು ಕಟ್ಟುವವರ ಅಟ್ಟಗಳಲ್ಲಿ. ಎಲ್ಲಿ ಹಳೆಯ ತೊಲೆಬಾಗಿಲು ಇಳಿಸುತ್ತಿದ್ದಾರೆಂದು ತಿಳಿದರೂ ಹೋಗಿ ನಿಲ್ಲುತ್ತಿದ್ದೆ. ಹುಚ್ಚೆಂದು ನಕ್ಕವರೂ ಉಂಟು, ಕಾಫಿ ಕೊಟ್ಟು ಅಟ್ಟ ಹತ್ತಿಸಿದವರೂ ಉಂಟು.

ಮುಖಪುಟವಿಲ್ಲದ ಸಂಚಿಕೆಯ ಕಾಲವನ್ನು ಗುರುತಿಸುವ ಉಪಾಯಗಳನ್ನು ಇಲ್ಲಿ ಬರೆದಿಡುವುದು ಉಚಿತ. ಎಲ್ಲಿಯಾದರೂ ಬೆಲೆ ಅಚ್ಚಾಗಿದ್ದು ಅದು ಆಣೆಯ ಲೆಕ್ಕದಲ್ಲಿದ್ದರೆ, ದಶಮಾನ ನಾಣ್ಯ ಬಂದ 1957ರ ಏಪ್ರಿಲ್‌ಗೆ ಹಿಂದಿನದೆಂದು ಸಾಮಾನ್ಯವಾಗಿ ಭಾವಿಸಬಹುದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರೊಳಗಿನದು, ಏಕೆಂದರೆ 1964ರ ಜೂನ್‌ನಲ್ಲಿ ‘ನಯೇ’ ಎಂಬ ಮಾತನ್ನು ಸರ್ಕಾರ ಕೈಬಿಟ್ಟಿತು. ಜಾಹೀರಾತುಗಳಲ್ಲಿ, ಬಹುಮಾನ ಪಡೆದವರ ವಿಳಾಸಗಳಲ್ಲಿ ‘ಮೈಸೂರು ರಾಜ್ಯ’ವೆಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದು. ಪಿನ್ ಕೋಡ್ ಕಾಣಿಸಿದರೆ 1972ರ ಆಗಸ್ಟ್ 15ರ ಈಚಿನದು. ಇವೆರಡರ ನಡುವೆ ಸಿಕ್ಕಿಬಿದ್ದ ಒಂದು ಸಂಚಿಕೆ, ಪಿನ್ ಕೋಡೂ ಇದ್ದು ಮೈಸೂರು ರಾಜ್ಯವೂ ಇರುವುದು, ನನ್ನಲ್ಲಿದೆ. ಅದರ ಕಾಲವನ್ನು ಕಂಡುಹಿಡಿದ ದಿನ ಹಬ್ಬದ ಊಟ ಮಾಡಿದಷ್ಟು ಸಂತೋಷವಾಯಿತು. ಇತ್ತೀಚೆಗೆ ಅಭಿಮಾನಿಗಳು ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಹಂಚಿಕೊಂಡಿರುವುದರಿಂದ, ನನ್ನ ಮೊಮ್ಮಗಳು ಫೋನಿನಲ್ಲಿ ಚಿತ್ರ ತೋರಿಸಿ ಒಂದೇ ನಿಮಿಷದಲ್ಲಿ ತಿಂಗಳನ್ನು ಹೇಳಿಬಿಡುತ್ತಾಳೆ. ನನ್ನ ಉಪಾಯಗಳಿಗೆ ಕೆಲಸ ಕಡಿಮೆಯಾಗಿದೆ, ನಿಜ.

ಕಾಪಾಡುವ ವಿಷಯದಲ್ಲಿ ಶಾಲೆಯವರು ದಯವಿಟ್ಟು ಗಮನವಿಡಬೇಕು. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಉಳಿದಿರುವ ಅಂಶಗಳು ಬೆಳಕು, ಗಾಳಿ ತಗಲಿ ಹುಳಿಯಾಗುತ್ತವೆ. ಹಾಳೆ ಕಂದಾಗಿ, ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಆದ್ದರಿಂದ ಪ್ರದರ್ಶನಕ್ಕೆಂದು ಕಿಟಕಿಯ ಬಳಿ ಇಡಬಾರದು. ಹರಿದುದಕ್ಕೆ ಸೆಲ್ಲೋಟೇಪು ಹಚ್ಚಲೇಬಾರದು. ಕೆಲವು ವರ್ಷಗಳಲ್ಲಿ ಟೇಪು ಉದುರಿ, ಅದರ ಅಂಟು ಹಳದಿ ಕಲೆಯಾಗಿ ಅಕ್ಷರದ ಮೇಲೆ ಉಳಿಯುತ್ತದೆ. ನಾನೂ ಮೊದಲು ಈ ತಪ್ಪು ಮಾಡಿ ನಾಲ್ಕು ಒಳ್ಳೆಯ ಪುಟಗಳನ್ನು ಹಾಳುಮಾಡಿದೆ. ತೆಳುವಾದ ಕಾಗದದ ಪಟ್ಟಿಯನ್ನು ಮೈದಾ ಅಂಟಿನಿಂದ ಹಚ್ಚಿ, ಭಾರವಿಟ್ಟು ಒಣಗಿಸಬೇಕು. ಹುಳು ಬಾರದಿರಲೆಂದು ಬೈಂಡರುಗಳು ಈ ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷವಾದುದರಿಂದ ಮಕ್ಕಳು ಮುಟ್ಟುವ ಪುಸ್ತಕಕ್ಕೆ ನಾನು ಹಾಕಿಲ್ಲ. ತುಕ್ಕು ಹಿಡಿದ ಪಿನ್ನುಗಳನ್ನು ತೆಗೆದು ನೂಲಿನಿಂದ ಹೊಲಿದಿದ್ದೇನೆ. ಟ್ರಂಕನ್ನು ನೆಲಕ್ಕಿಡದೆ ಕಲ್ಲಿನ ಮೇಲಿಡಬೇಕು, ಗೆದ್ದಲಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ನೆರಳಿನಲ್ಲಿ ಹರಡಿ ಗಾಳಿಯಾಡಿಸಬೇಕು.

ಎರಡನೆಯ ಟ್ರಂಕಿನಲ್ಲಿ ಇತರ ಪುಸ್ತಕಗಳಿವೆ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ ಭಾರತಿ’ ಮಾಲೆಯ ಕೆಲವು ಕಿರುಹೊತ್ತಿಗೆಗಳು, ಇಂದ್ರಜಾಲ ಕಾಮಿಕ್ಸ್, ಮಾಸ್ಕೋದಿಂದ ಬರುತ್ತಿದ್ದ ನುಣುಪು ಹಾಳೆಯ ಮಕ್ಕಳ ಪುಸ್ತಕಗಳು. ‘ಅಮರ ಚಿತ್ರಕಥೆ’ಯೂ ಉಂಟು. ಅದರ ‘ಕೃಷ್ಣ’ ಸಂಚಿಕೆಗೆ 11ನೆಯ ಸಂಖ್ಯೆ ಏಕೆಂದು ಮಕ್ಕಳು ಕೇಳಿದರೆ, ಮೊದಲ ಹತ್ತು ಪಾಶ್ಚಾತ್ಯ ಕಥೆಗಳಾಗಿದ್ದವು, ಅವುಗಳ ಆರಂಭ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಆಯಿತು ಎಂದು ಹೇಳಬಹುದು. ಇವುಗಳಿಗೆ ನಾನು ಹೆಚ್ಚು ಶ್ರಮಪಟ್ಟಿಲ್ಲ, ಚಂದಮಾಮ ಹುಡುಕುವಾಗ ಜೊತೆಗೆ ಬಂದವು.

ಕೊನೆಯದಾಗಿ, ಮೊದಲ ಟ್ರಂಕಿನ ಮೇಲ್ಭಾಗದಲ್ಲಿರುವ ಕಂದು ರಟ್ಟಿನ ‘ರಾಕಾಸಿ ಲೋಯ’ದ ಕಟ್ಟು. ರಾಕ್ಷಸ ಕಣಿವೆಯೆಂದು ಅರ್ಥ. 1960ರ ದಶಕದ ಮೊದಲ ಭಾಗದಲ್ಲಿ ನಾನು ಓದಿದ್ದು, ಆದವಾನಿಯ ಒಂದು ಅಟ್ಟದಲ್ಲಿ ದೊರೆಯಿತು. ಅದರಲ್ಲಿ ಮೂರು ಕಂತುಗಳು ಇರಲಿಲ್ಲ. ಹನ್ನೆರಡು ವರ್ಷ ಹುಡುಕಿದರೂ ಕನ್ನಡದ ಹಾಳೆಗಳು ಸಿಗಲಿಲ್ಲ. ಎದುರು ಮನೆಯ ನನ್ನ ಬಾಲ್ಯಸ್ನೇಹಿತ, ಈಗ ಅನಂತಪುರದಲ್ಲಿ ಮಗನ ಮನೆಯಲ್ಲಿರುವವನು, ತನ್ನ ತೆಲುಗು ಸಂಚಿಕೆಗಳಿಂದ ಆ ಮೂರು ಕಂತುಗಳನ್ನು ಬಿಡಿಸಿ ಕಳುಹಿಸಿಕೊಟ್ಟ. “ನಿಮ್ಮಕ್ಕನ ಪುಸ್ತಕ ಎಷ್ಟು ಸಲ ಓದಿದೀನೋ, ಇದು ಆ ಬಾಕಿ” ಎಂದು ಚೀಟಿ ಬರೆದಿದ್ದ. ಕನ್ನಡದ ನಡುವೆ ತೆಲುಗನ್ನು ಸೇರಿಸಿ ಹೊಲಿದೆ. ಚಿತ್ರಗಳು ಒಂದೇ ಆದುದರಿಂದ ಕಥೆ ಎಲ್ಲಿಯೂ ಕಡಿಯುವುದಿಲ್ಲ.

ಕಳೆದ ವರ್ಷ ಈ ಕಟ್ಟನ್ನು ನಮ್ಮ ಶಾಲೆಯ ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ ಕೊಟ್ಟು ನೋಡಿದೆ. ಕನ್ನಡದ ಪುಟಗಳನ್ನು ಬೆರಳಿಟ್ಟು ತಡವರಿಸುತ್ತಾ ಓದಿದಳು. ತೆಲುಗು ಪುಟಗಳು ಬಂದೊಡನೆ ನೀರು ಕುಡಿದಂತೆ ಓದಿ ಮುಗಿಸಿದಳು. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಕಲಿಸಿದ ನನಗೆ ಅದನ್ನು ಕೇಳುತ್ತಾ ಕುಳಿತಿರುವುದು ಸುಲಭವಾಗಲಿಲ್ಲ. ತೆಲುಗು ಕಂತು ಮುಗಿದಾಗ ಗೆಳೆಯರಿಬ್ಬರೂ ಅಪಾಯದಲ್ಲಿದ್ದರು, ಮುಂದಿನದು ಮತ್ತೆ ಕನ್ನಡ. ಪುಸ್ತಕ ಮುಚ್ಚಿಯಾಳೆಂದು ಭಾವಿಸಿದೆ. “ಸಾರ್, ಇದು ಮನೆಗೆ ಒಯ್ಯಬಹುದಾ?” ಎಂದಳು. ನಾಲ್ಕು ದಿನಗಳ ನಂತರ ತಂದುಕೊಟ್ಟು, ಇದರ ಮುಂದಿನದು ಯಾವುದಿದೆಯೆಂದು ಕೇಳಿದಳು.

ಆದ್ದರಿಂದ ಟ್ರಂಕಿಗೆ ಬೀಗ ಹಾಕಬಾರದೆಂಬುದು ಸಮಿತಿಯವರಲ್ಲಿ ನನ್ನ ವಿನಂತಿ. ಸಂಚಿಕೆಗಳ ಪಟ್ಟಿಯನ್ನು ದಾಖಲೆ ಪುಸ್ತಕದಲ್ಲಿ ಈ ಬಾರಿ ನಾನೇ ಕೈಯಾರೆ ನಮೂದಿಸಿದ್ದೇನೆ. ಕನ್ನಡದ ಆ ಮೂರು ಕಂತುಗಳು ಯಾರ ಅಟ್ಟದಲ್ಲಿದ್ದರೂ, ಹರಿದಿದ್ದರೂ ಚಿಂತೆಯಿಲ್ಲ, ಶಾಲೆಯ ಕಚೇರಿಗೆ ತಲುಪಿಸಿದರೆ ಹೊಲಿದು ಸೇರಿಸುತ್ತೇನೆ. ತೆಲುಗಿನ ಹಾಳೆಗಳನ್ನು ತೆಗೆಯುವುದಿಲ್ಲ.