ರಾತ್ರಿ ನಿದ್ದೆ ಬಂತಾ?

ಬಾಯಿಯ ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದಾಗ ಕೆನ್ನೆಯ ಹುಣ್ಣು ಒಡೆದು ನಾರತೊಡಗುತ್ತದೆ. ರೋಗಿಯನ್ನು ಮನೆಯವರಿಂದ ದೂರ ಮಾಡುವುದು ಎಷ್ಟೋ ಸಲ ನೋವಿಗಿಂತ ಆ ವಾಸನೆಯೇ. ತಟ್ಟೆ ಲೋಟ ಬೇರೆಯಾಗುತ್ತವೆ, ಮೊಮ್ಮಕ್ಕಳು ಹತ್ತಿರ ಸುಳಿಯುವುದಿಲ್ಲ. ಉಪಶಾಮಕ ಆರೈಕೆಯ ನರ್ಸ್ ಇದಕ್ಕೆ ಮಾಡುವ ಉಪಾಯ ತೀರಾ ಸರಳ: ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆದು, ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸಿ, ಮೇಲೆ ಗಾಜ್ ಬಟ್ಟೆ ಹೊದಿಸುವುದು. ಕೆಲವು ದಿನಗಳಲ್ಲಿ ವಾಸನೆ ತಗ್ಗುತ್ತದೆ. ಗೆಡ್ಡೆ ಎಳ್ಳಷ್ಟೂ ಕರಗಿರುವುದಿಲ್ಲ, ಸ್ಕ್ಯಾನ್ ಮಾಡಿದರೆ ಹೇಳಿಕೊಳ್ಳುವಂಥದ್ದೇನೂ ಕಾಣದು. ಆದರೆ ಮೊಮ್ಮಗು ಮಂಚ ಹತ್ತಿ ಕೂರಬಹುದು. ವೈದ್ಯಲೋಕ 'ಜೀವನದ ಗುಣಮಟ್ಟ' ಎಂದು ಒಣಗಿಸಿ ಹೇಳುವುದು ಇದನ್ನೇ. ರೋಗ ವಾಸಿಯಾಗದೆಂದು ಖಚಿತವಾದ ಮೇಲೆ ಉಳಿಯುವ ಲೆಕ್ಕ ದಿನಗಳದ್ದು, ಅದರಲ್ಲೂ ರಾತ್ರಿಗಳದ್ದು. ಆ ಲೆಕ್ಕ ಗೊತ್ತಿರುವುದು ನರ್ಸ್‌ಗೆ. ಹಾಗಿದ್ದರೆ ಆರೈಕೆಯ ಚುಕ್ಕಾಣಿಯೂ ಅವರ ಕೈಯಲ್ಲಿರಬೇಕು ಎಂಬುದು ನನ್ನ ವಾದ.

ಬೆಂಗಳೂರಿನ ಮಾರತ್‌ಹಳ್ಳಿ ಹತ್ತಿರದ 'ಕರುಣಾಶ್ರಯ'ದಲ್ಲಿ ಕ್ಯಾನ್ಸರ್‌ನ ಕೊನೆಯ ಹಂತದವರಿಗೆ ಇಂಥ ಆರೈಕೆ ಬಿಡಿಗಾಸು ಖರ್ಚಿಲ್ಲದೆ ಸಿಗುತ್ತದೆ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ 1994ರಲ್ಲಿ ಕಟ್ಟಿದ ಟ್ರಸ್ಟ್ ಇದರ ಹಿಂದಿದೆ. ಮನೆಗಳಿಗೆ ಹೋಗಿ ಆರೈಕೆ ಮಾಡುವುದು ಮೊದಲು ಶುರುವಾಯಿತು, ನಡುವೆ ನೀರಿನ ಕೊಳವಿರುವ ಕಲ್ಲಿನ ಕಟ್ಟಡ ತೆರೆದದ್ದು 1999ರಲ್ಲಿ. ಇಂಥ ಸಂಸ್ಥೆಗಳಿಗೆಲ್ಲ ಮಾದರಿಯಾದ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು 1967ರಲ್ಲಿ ತೆರೆದ ಸಿಸಿಲಿ ಸಾಂಡರ್ಸ್ ಮೂಲತಃ ನರ್ಸ್. ಡಾಕ್ಟರಾಗದಿದ್ದರೆ ನಿನ್ನ ಮಾತಿಗೆ ಯಾರೂ ಕಿವಿಗೊಡರು ಎಂದು ಸರ್ಜನ್ ಒಬ್ಬರು ಎಚ್ಚರಿಸಿದ್ದರಿಂದ ಆಕೆ ಮತ್ತೆ ಓದಿ ವೈದ್ಯೆಯಾದರು. ಸರ್ಜನ್ ಹೇಳಿದ್ದು ಸುಳ್ಳಲ್ಲ. ಅದೇ ಬೇಸರದ ಸಂಗತಿ.

ನರ್ಸ್ ಮುಂದಾಳಾದರೆ ಫಲ ಉಂಟೇ? ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಕಡೆಯ ಹಳ್ಳಿಗಾಡಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬಲಿತ ಕ್ಯಾನ್ಸರ್ ಇದ್ದ 322 ಮಂದಿಯಲ್ಲಿ ಒಂದು ಗುಂಪಿಗೆ ತರಬೇತಾದ ನರ್ಸ್‌ಗಳು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಫೋನು ಮಾಡಿದರು. ಆ ಗುಂಪಿನವರ ಜೀವನದ ಗುಣಮಟ್ಟ ಮೇಲಾಯಿತು, ಮನಸ್ಸಿನ ಕುಗ್ಗು ಕಡಿಮೆಯಾಯಿತು. ರೋಗಲಕ್ಷಣಗಳ ತೀವ್ರತೆಯಲ್ಲಿ ಮಾತ್ರ ಎದ್ದುಕಾಣುವ ವ್ಯತ್ಯಾಸವಾಗಲಿಲ್ಲ. ನರ್ಸ್ ಬರೀ ಸಮಾಧಾನ ಹೇಳಬಲ್ಲರು, ನೋವು ಇಳಿಸಲಾರರು ಎನ್ನುವವರಿಗೆ ಇದೊಂದು ನೆಪವಾದೀತು. ನನಗೆ ಕಾಣುವುದು ಬೇರೆ: ಫೋನಿನಲ್ಲಿ ಮಾತಷ್ಟೇ ಹೋಗುತ್ತದೆ, ಔಷಧಿ ಹೋಗುವುದಿಲ್ಲ. ನೋವು ಇಳಿಯಬೇಕಾದರೆ ಮಾತಿನ ಜೊತೆ ಮಾರ್ಫಿನ್ನೂ ಅವರ ಕೈಲಿರಬೇಕು. ಉಗಾಂಡ 2004ರಲ್ಲೇ ವಿಶೇಷ ತರಬೇತಿ ಪಡೆದ ನರ್ಸ್‌ಗಳಿಗೆ ಮಾರ್ಫಿನ್ ಬರೆದುಕೊಡುವ ಅಧಿಕಾರ ಕೊಟ್ಟಿತು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಗಂಟನ್ನು 2014ರಲ್ಲಿ ಒಂದಿಷ್ಟು ಸಡಿಲಿಸಿದರೂ ಚೀಟಿ ಬರೆಯುವ ಪೆನ್ನು ಡಾಕ್ಟರ ಜೇಬಿನಲ್ಲೇ ಇದೆ.

ಮಾರ್ಫಿನ್ ಚಟ ಹಿಡಿಸುತ್ತದೆ, ಉಸಿರು ನಿಲ್ಲಿಸುತ್ತದೆ ಎಂಬ ಭಯವಿದೆ. ಅಳತೆ ತಪ್ಪಿದರೆ ಅಪಾಯ ನಿಜ. ಆದರೆ ಕ್ರಮ ಕಲಿಯಬಹುದಾದದ್ದು: ಅಲ್ಪದಿಂದ ಆರಂಭಿಸಿ ನಾಲ್ಕು ಗಂಟೆಗೊಮ್ಮೆ, ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ಮಲಗುವಾಗ ಎರಡು ಪಾಲು, ಜೊತೆಗೆ ಮಲಬದ್ಧತೆಯಾಗದಂತೆ ಭೇದಿ ಮಾತ್ರೆ. ಮಂಪರು ಹೆಚ್ಚಿತೆಂಬುದು ಮೊದಲು ಕಣ್ಣಿಗೆ ಬೀಳುವುದೂ ಹಾಸಿಗೆ ಪಕ್ಕದವರಿಗೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಡಾಕ್ಟರು ಸಿಗದ ಕಡೆ ಅಗ್ಗದ ಬದಲಿಯಾಗಿ ನರ್ಸ್ ತಲೆಗೆ ಹೊರೆ ಕಟ್ಟುವ ಹುನ್ನಾರ ಇದಲ್ಲವೇ? ಆಗುವ ಸಾಧ್ಯತೆ ಖಂಡಿತ ಇದೆ. ಕೇರಳದಲ್ಲಿ 2008ರ ನೀತಿಯ ನಂತರ ಪಂಚಾಯ್ತಿಗಳೇ ನರ್ಸ್‌ಗಳನ್ನು ನೇಮಿಸಿ ಮನೆಮನೆಗೆ ಕಳಿಸುತ್ತಿವೆ. ಅಂಥ ಏರ್ಪಾಡು ಇಲ್ಲಿಗೂ ಬರುವುದಾದರೆ ತರಬೇತಿ, ತಕ್ಕ ಸಂಬಳ, ಕರೆದಾಗ ಫೋನೆತ್ತುವ ಒಬ್ಬ ಡಾಕ್ಟರು, ಈ ಮೂರೂ ನೇಮಕಾತಿ ಆದೇಶದಲ್ಲೇ ಬರೆದಿರಬೇಕು. ಓಡಾಡಲು ಒಂದು ಜೀಪೂ ಸೇರಲಿ.