ಕಾರಿನೊಳಗಿನ ಗುಡುಗು

ಕಾವ್ಯಪಾಠ ಹೇಳಿ ನಿವೃತ್ತನಾದವನಿಗೂ ಕಾರಿನ ಧ್ವನಿವರ್ಧಕಕ್ಕೂ ಏನು ನಂಟೆಂದು ಶ್ರೋತೃಗಳು ಕೇಳಬಹುದು. ನಂಟು ತಂದವನು ನನ್ನ ಸೋದರಳಿಯ. ಕಾರಿನಲ್ಲಿ 500 ವಾಟಿನ ಆಂಪ್ಲಿಫೈಯರ್ ಇಟ್ಟುಕೊಂಡಿದ್ದ ಅವನು, “ಮಾವ, 1000 ವಾಟಿನದು ಹಾಕಿದರೆ ಸದ್ದು ಇಮ್ಮಡಿಯಾಗುತ್ತದೆ” ಎಂದ. ಆಗುವುದಿಲ್ಲ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು 10 ಡೆಸಿಬಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ಮನುಷ್ಯನ ಕಿವಿ ಅಷ್ಟು ಜಿಪುಣ!

ಆ 1000 ವಾಟಾದರೂ ಬಿಟ್ಟಿ ಬಾರದು. ಓಡುವ ಕಾರಿನ 13.8 ವೋಲ್ಟಿನಲ್ಲಿ, ನಷ್ಟವನ್ನೂ ಸೇರಿಸಿದರೆ, ಸುಮಾರು 90 ಆಂಪಿಯರ್ ವಿದ್ಯುತ್ತು ಹರಿಯಬೇಕು. ತಕ್ಕ ದಪ್ಪದ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಲೇಬೇಕು. ಇಲ್ಲವಾದರೆ ತಂತಿ ತಗಡಿಗೆ ಉಜ್ಜಿ ಸವೆದಾಗ ಬೆಂಕಿ.

ಸ್ವಾರಸ್ಯವಿರುವುದು ಪೆಟ್ಟಿಗೆಯಲ್ಲಿ. ಸ್ಪೀಕರಿನ ಪೊರೆ ಮುಂದಿನ ಗಾಳಿಯನ್ನು ತಳ್ಳುವಾಗ ಹಿಂದಿನದನ್ನು ಎಳೆಯುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಈ ಎರಡು ಅಲೆಗಳು ಬೆರೆತು ಮಂದ್ರಸ್ವರವೇ ಅಳಿದುಹೋಗುತ್ತದೆ. ಪೆಟ್ಟಿಗೆಗೆ ಲೆಕ್ಕಹಾಕಿ ಒಂದು ಕೊಳವೆಯನ್ನಿಟ್ಟರೆ, ಬಿಂದಿಗೆಯ ಬಾಯಿಗೆ ಊದಿದಾಗ ಹುಟ್ಟುವಂಥ ಅನುರಣನ ಕೂಡಿಕೊಂಡು, ಅಷ್ಟೇ ವಾಟಿಗೆ ಮಂದ್ರ ತುಂಬಿಬರುತ್ತದೆ. ಹುಡುಗ ಹೊಸ ಆಂಪ್ಲಿಫೈಯರನ್ನು ಬಿಟ್ಟು ಪ್ಲೈವುಡ್ ತಂದ.

ಪರೀಕ್ಷೆಗೆ ನನ್ನನ್ನೂ ಕೂರಿಸಿದ. ಎದೆ ನಡುಗಿತು, ಸುಖವಾಗಿಯೇ ಇತ್ತೆಂದು ಒಪ್ಪಲೇಬೇಕು. ಆದರೆ 85 ಡೆಸಿಬಲ್ಲನ್ನು ಎಂಟು ಗಂಟೆ ತಾಳುವ ಕಿವಿಗೆ 100 ಡೆಸಿಬಲ್ಲಿನಲ್ಲಿ ಇರುವ ಅವಧಿ 15 ನಿಮಿಷ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟವು. ಆ ರಾತ್ರಿ ಊಟಕ್ಕೆ ಕುಳಿತಾಗ ಅವನು, “ಮಾವ, ನಿಮಗೂ ಕಿವಿಯಲ್ಲಿ ಜೀರುಂಡೆ ಕೂಗುತ್ತಿದೆಯೇ?” ಎಂದು ಕೇಳಿದ. ನನ್ನ ಕಿವಿಯಲ್ಲಿ ಅದು ಕೂಗತೊಡಗಿ ಆರು ವರ್ಷವಾಗಿದೆ ಎಂದು ಅವನಿಗೆ ಅಂದು ಮೊದಲ ಬಾರಿ ಹೇಳಿದೆ.