ಕಲಿತವರೂ ಮರಳಿ ಕಲಿಯಬೇಕಾದ ಕಾಯಕ

ಕಳೆದ ಬೇಸಿಗೆಯಲ್ಲಿ ಚಿತ್ತಾಪುರ ತಾಲ್ಲೂಕಿನ ತಾಂಡಾವೊಂದರಿಂದ ತರುಣನೊಬ್ಬ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದ. ಎರಡೂ ಮುಂಗೈಗಳ ಚರ್ಮ ಬಿರಿದು ಬೆರಳಸಂದಿಗಳಲ್ಲಿ ನೀರು ಒಸರುತ್ತಿತ್ತು. ಬೇವಿನೆಣ್ಣೆ, ಅರಿಸಿನ ಎಲ್ಲವೂ ಮನೆಯಲ್ಲಿಯೇ ಆಗಿದ್ದವು. ಉದ್ಯೋಗವೇನೆಂದು ಕೇಳಿದೆ. ಗುತ್ತಿಗೆದಾರನ ಕೈಕೆಳಗೆ ಲಾರಿಯಿಂದ ಡ್ರಮ್ಮು ಇಳಿಸುವುದು, ಅದರೊಳಗಿನ ಕೆಸರನ್ನು ಮರದ ಹೊಟ್ಟಿನೊಡನೆ ಬೆರೆಸುವುದು. ಎಂಥ ಕೆಸರು? "ಅದೇನೋ ಗೊತ್ತಿಲ್ರಿ ಡಾಕ್ಟ್ರೇ, ವಾಸ್ನಿ ಹೊಡಿತದ." ತರಬೇತಿ ಕೊಟ್ಟಿದ್ದರೇ? "ಬಂದ ದಿನ ಒಂದು ತಾಸು ಹೇಳ್ಯಾರ್ರಿ. ನಾಕು ವರ್ಷ ಆತು, ಈಗೇನು ನೆನಪ ಇರತದ?" ಕೈಗವಸು ಕೊಟ್ಟಿದ್ದಾರೆಂದು ಚೀಲದಿಂದ ತೆಗೆದು ತೋರಿಸಿದ. ಹತ್ತಿಯ ಕೈಗವಸು! ದ್ರಾವಕವನ್ನು ಹೀರಿಕೊಂಡು ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿಯುವ ಅದಕ್ಕಿಂತ ಬರಿಗೈಯೇ ಲೇಸು, ಬರಿಗೈಯನ್ನಾದರೂ ತೊಳೆದುಕೊಳ್ಳುತ್ತಾರೆ.

ನಮ್ಮ ಸೀಮೆಗೆ ಸಿಮೆಂಟು ಹೊಸದಲ್ಲ. ಶಹಾಬಾದಿನಲ್ಲಿ ನಿಜಾಮರ ಕಾಲಕ್ಕೇ ಕಾರ್ಖಾನೆಯಿತ್ತು, ವಾಡಿಯಲ್ಲಿ 1968ರಿಂದ ಇದೆ. ಆ ಬಳಿಕ ಮಳಖೇಡ, ಸೇಡಂ, ಈಚೆಗೆ ಚಿಂಚೋಳಿ ತಾಲ್ಲೂಕಿನಲ್ಲಿಯೂ ಗೂಡುಗಳೆದ್ದವು. ಧೂಳಿನ ಕಷ್ಟವನ್ನು ಭಕ್ತಾದಿಗಳು ಬಲ್ಲರು. ಆದರೆ ಔಷಧ, ಬಣ್ಣ ಮೊದಲಾದ ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯವನ್ನು ಕಲ್ಲಿದ್ದಲಿನ ಜೊತೆಗೆ ಸಿಮೆಂಟು ಗೂಡಿನಲ್ಲಿ ಸುಡುವ ಪದ್ಧತಿಯೊಂದು ದೇಶದಲ್ಲಿ ಬೆಳೆದಿದೆಯೆಂಬುದು ಬಹುಮಂದಿಗೆ ತಿಳಿಯದು. ಪದ್ಧತಿ ತಪ್ಪೆಂದು ನಾನು ಹೇಳಲಾರೆ. ಗೂಡಿನ ಜ್ವಾಲೆ ಸುಮಾರು 2000 ಡಿಗ್ರಿ ಸೆಲ್ಸಿಯಸ್, ಒಳಗಿನ ಕಲ್ಲು 1450 ಡಿಗ್ರಿಯವರೆಗೆ ಕಾಯುತ್ತದೆ. ಆ ಬೆಂಕಿಯಲ್ಲಿ ಬಹುತೇಕ ಸಾವಯವ ವಿಷಗಳು ಮುರಿದುಹೋಗುತ್ತವೆ. ಹೊಲದಲ್ಲಿ, ಹಳ್ಳದಲ್ಲಿ ಸುರಿಯುವುದಕ್ಕಿಂತ ಇದು ಎಷ್ಟೋ ವಾಸಿ. ಅಪಾಯವಿರುವುದು ಗೂಡಿನ ಬಾಯಿಯ ಈಚೆಗೆ. ಡ್ರಮ್ಮಿನ ಮುಚ್ಚಳ ತೆರೆಯುವ, ಕೆಸರು ಕಲಸುವ, ತೊಟ್ಟಿ ತೊಳೆಯುವ ಕೈಗಳಿಗೆ ಆ ಬೆಂಕಿಯ ರಕ್ಷಣೆಯಿಲ್ಲ.

ಕಾನೂನು ಏನೆನ್ನುತ್ತದೆ? 1984ರ ಡಿಸೆಂಬರಿನ ಭೋಪಾಲ ದುರಂತದ ತರುವಾಯ 1987ರಲ್ಲಿ ಕಾರ್ಖಾನೆ ಕಾಯಿದೆಗೆ ಹೊಸ ವಿಧಿಗಳು ಸೇರಿದವು. ಅಪಾಯಕರ ಪ್ರಕ್ರಿಯೆಯಲ್ಲಿ ದುಡಿಯುವವನಿಗೆ ಹನ್ನೆರಡು ತಿಂಗಳಿಗೊಮ್ಮೆಯಾದರೂ ವೈದ್ಯಕೀಯ ತಪಾಸಣೆಯಾಗಬೇಕು, ಆ ದಾಖಲೆ ಅವನ ಕೈಗೆ ಸಿಗಬೇಕು ಎಂದಾಯಿತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಕೆಲಸಗಾರರಿಗೆ ತಕ್ಕ ತರಬೇತಿ, ಸಲಕರಣೆ, ತಿಳಿವಳಿಕೆ ಕೊಡಬೇಕೆಂದಿವೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಹೇಳಿಲ್ಲ. ಅದೇ ವರ್ಷದ ಆಸ್ಪತ್ರೆ ತ್ಯಾಜ್ಯದ ನಿಯಮಗಳಾದರೋ ಕೆಲಸಕ್ಕೆ ಸೇರಿದಾಗೊಮ್ಮೆ, ಅನಂತರ ವರ್ಷಕ್ಕೊಮ್ಮೆಯಾದರೂ ಎಂದು ಸ್ಪಷ್ಟವಾಗಿ ವಿಧಿಸಿವೆ. ಅಮೆರಿಕದಲ್ಲಿ ಇಂಥ ತ್ಯಾಜ್ಯ ನಿವೇಶನಗಳಲ್ಲಿ ನಿತ್ಯ ದುಡಿಯುವವನಿಗೆ ಮೊದಲು 40 ಗಂಟೆ, ಆಮೇಲೆ ಪ್ರತಿವರ್ಷ 8 ಗಂಟೆಗಳ ಮರುತರಬೇತಿ ಕಡ್ಡಾಯ. ನಮ್ಮ ತರುಣನಿಗೆ ನಾಲ್ಕು ವರ್ಷಕ್ಕೆ ಒಂದು ತಾಸು.

ಮರುಕಲಿಕೆ ಪರದೇಶದ ವಿಚಾರವೇನೂ ಅಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕಾಗಿಯೇ 'ಯೋಗ್ಯಾಸೂತ್ರೀಯ' ಎಂಬ ಅಧ್ಯಾಯವಿದೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನೂ ಸೋರೆಕಾಯಿ, ಸೌತೆಕಾಯಿ, ಕಲ್ಲಂಗಡಿಗಳ ಮೇಲೆ ಶಸ್ತ್ರವಿಟ್ಟು ಅಭ್ಯಾಸ ಮಾಡಬೇಕೆಂಬುದು ಅದರ ಆಶಯ. ಕಿವಿಯಿಂದ ಕೇಳಿದ್ದು ಕೈಗೆ ಇಳಿಯಬೇಕು. ಗೋಡೆಯ ಮೇಲೆ ಚಿತ್ರ ತೋರಿಸಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಅದು ತರಬೇತಿಯಾಗದು.

ಕೈಗೆ ಇಳಿಯಬೇಕಾದುದರಲ್ಲಿ ಮೊದಲನೆಯದು ತೊಟ್ಟಿಯ ವಿಷಯ. ಮುಚ್ಚಿದ ತೊಟ್ಟಿಯಲ್ಲಿ ಗಂಧಕಾಂಶವುಳ್ಳ ಕೆಸರಿಗೆ ಆಮ್ಲ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಸ್ವಲ್ಪವಿದ್ದಾಗ ಕೊಳೆತ ತತ್ತಿಯ ನಾತ. ಹೆಚ್ಚಾದಾಗ ಮೂಗಿನ ಶಕ್ತಿಯೇ ಉಡುಗಿ ನಾತ ನಿಂತಂತಾಗುತ್ತದೆ. "ವಾಸ್ನಿ ಹೋಯ್ತು, ಇಳಿ" ಎಂದು ಹೇಳುವ ಗಳಿಗೆಯೇ ಸಾವಿನ ಗಳಿಗೆ. ಗಾಳಿಯಲ್ಲಿ ಶೇಕಡಾ 20.9 ಇರಬೇಕಾದ ಆಮ್ಲಜನಕ 19.5ಕ್ಕಿಂತ ಇಳಿದಿದ್ದರೆ ಯಾರೂ ಒಳಗಿಳಿಯಬಾರದು, ಅದನ್ನು ಅಳೆಯುವುದು ಮೂಗಲ್ಲ, ಯಂತ್ರ. ಬಿದ್ದವನನ್ನು ಎತ್ತಲು ಅಣ್ಣನೋ ಗೆಳೆಯನೋ ಹಾಗೆಯೇ ಧುಮುಕುತ್ತಾನೆ. ಒಂದೇ ತೊಟ್ಟಿಯಿಂದ ಎರಡು ಮೂರು ಹೆಣಗಳು ಬರುವುದು ಹೀಗೆ. ಕರುಳು ಕೇಳುವುದಿಲ್ಲ, ಆದ್ದರಿಂದಲೇ ಹಿಂದೆ ಸರಿದು ಕೂಗುವುದನ್ನು, ಹಗ್ಗದಿಂದ ಎಳೆಯುವುದನ್ನು ಪ್ರತಿವರ್ಷ ದೇಹಕ್ಕೆ ರೂಢಿ ಮಾಡಿಸಬೇಕು.

ಧೂಳಿನ ಮುಖಕವಚ ಆವಿಯನ್ನು ತಡೆಯದು. ಆವಿಯನ್ನು ತಡೆಯುವ ಕವಚದ ಡಬ್ಬಿಗೂ ಆಯುಷ್ಯವುಂಟು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಉರಿಬಿಸಿಲಿಗೆ ಕವಚವನ್ನು ಕುತ್ತಿಗೆಗೆ ಇಳಿಸಿಕೊಳ್ಳುವವರೇ ಹೆಚ್ಚು. ಮರುತರಬೇತಿಯನ್ನು ಶಿವರಾತ್ರಿ ಕಳೆದೊಡನೆ ಇಟ್ಟು, ನೆರಳು, ನೀರು, ವಿರಾಮದ ಸರದಿಯನ್ನೂ ಅಲ್ಲಿಯೇ ನಿಶ್ಚಯಿಸುವುದು ಮೇಲು. ಬೆಲ್ಲ ತಿಂದರೆ ಪುಪ್ಪುಸ ಶುದ್ಧವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಲ್ಲ ತಿನ್ನಲಿ, ಬೇಡವೆನ್ನುವುದಿಲ್ಲ. ಕವಚದ ಬದಲಿಗೆ ಬೇಡ.

ಆಯುರ್ವೇದ ವೈದ್ಯನಾಗಿಯೇ ಇನ್ನೊಂದು ಮಾತನ್ನು ಹೇಳಬೇಕಿದೆ. ರಾಸಾಯನಿಕ ಮೈಮೇಲೆ ಬಿದ್ದರೆ ಎಣ್ಣೆ, ಬೆಣ್ಣೆ, ಅರಿಸಿನ ಹಚ್ಚಬೇಡಿ. ಒಣಪುಡಿಯಾಗಿದ್ದರೆ ಮೊದಲು ಝಾಡಿಸಿ, ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದರಿಂದ ಇಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೂ ಇದೇ ಕ್ರಮ. ಆಮ್ಲವನ್ನೋ ದ್ರಾವಕವನ್ನೋ ನುಂಗಿದವನಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅನ್ನನಾಳ ಮತ್ತೊಮ್ಮೆ ಸುಡುತ್ತದೆ, ದ್ರಾವಕ ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮ ವಮನಕರ್ಮ ಇದಕ್ಕಲ್ಲ. 108ಕ್ಕೆ ಕರೆ ಮಾಡಿ, ಸಾಧ್ಯವಾದರೆ ಡ್ರಮ್ಮಿನ ಚೀಟಿಯ ಛಾಯಾಚಿತ್ರವನ್ನು ಆಸ್ಪತ್ರೆಗೆ ಒಯ್ಯಿರಿ. ಆ ಚೀಟಿ ಹಳದಿ ಬಣ್ಣದ್ದಾಗಿದ್ದು, ಅಪಾಯಕಾರಿ ತ್ಯಾಜ್ಯವೆಂಬ ಎಚ್ಚರಿಕೆ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂಬುದು ನಿಯಮ.

ನಮ್ಮ ಗ್ರಂಥಗಳು ದೂಷೀವಿಷವೆಂದು ಕರೆಯುವುದೊಂದಿದೆ: ಕೂಡಲೇ ಕೊಲ್ಲದೆ ವರ್ಷಗಟ್ಟಲೆ ದೇಹದಲ್ಲಿ ಅಡಗಿದ್ದು, ಕಾಲ ಬಂದಾಗ ಕೆರಳುವ ವಿಷ. ಸೀಸದಂಥ ಲೋಹಗಳ ನಡತೆ ಇದಕ್ಕೆ ಬಹಳ ಸಮೀಪ. ಅದು ಕೆಲಸಗಾರನ ಬಟ್ಟೆಯೊಂದಿಗೆ ಮನೆಗೂ ಬರುತ್ತದೆ. ಆ ಬಟ್ಟೆಯನ್ನು ತೊಳೆಯುವ ತಾಯಿ, ಅಪ್ಪನ ಕಾಲು ತಬ್ಬುವ ಮಗು ಯಾವ ತರಬೇತಿಯ ಪಟ್ಟಿಯಲ್ಲಿಯೂ ಇರುವುದಿಲ್ಲ. ಕೆಲಸದ ಉಡುಪು ಅಲ್ಲಿಯೇ ಕಳಚಿ, ಅಲ್ಲಿಯೇ ಒಗೆಯಲ್ಪಡಬೇಕು, ಮಿಂದು ಮನೆಗೆ ಹೊರಡಬೇಕು.

ಬೇರೆಯವರಿಗೆ ಹೇಳುವ ಮುನ್ನ ನನ್ನ ಮನೆಯನ್ನೂ ನೋಡಿಕೊಂಡೆ. ಆಸ್ಪತ್ರೆ ತ್ಯಾಜ್ಯದ ನಿಯಮ ಯಾವ ಪದ್ಧತಿಯ ವೈದ್ಯನನ್ನೂ ಬಿಟ್ಟಿಲ್ಲ. ರಕ್ತಮೋಕ್ಷಣದ ಹತ್ತಿ, ಸೂಜಿಗಳು ಅದರೊಳಗೇ ಬರುತ್ತವೆ. ನನ್ನಲ್ಲಿ ಕಸ ತೆಗೆಯುವ ಆಯಾಗೆ ಹೆಪಟೈಟಿಸ್-ಬಿ ಲಸಿಕೆ ಆಗಿರಲಿಲ್ಲ. ನಾಚಿಕೆಯಾಯಿತು. ಈಗ ಮೂರು ಸಲದ ಲಸಿಕೆ ಪೂರ್ತಿಯಾಗಿದೆ.

ತರುಣ ಮೂರು ತಿಂಗಳ ಬಳಿಕ ಮತ್ತೆ ಬಂದ. ಕೈ ಒಣಗಿ ಹೊಸ ಚರ್ಮ ಬಂದಿತ್ತು. ಗುತ್ತಿಗೆದಾರನನ್ನು ಕಾಡಿ ರಬ್ಬರಿನ ಕೈಗವಸು ಪಡೆದಿದ್ದ. ಯಾವ ದ್ರಾವಕಕ್ಕೆ ಯಾವುದು ತಾಳುತ್ತದೆಂದು ಅವನಿಗೆ ಯಾರೂ ಇನ್ನೂ ಹೇಳಿಲ್ಲ. ಡ್ರಮ್ಮಿನ ಚೀಟಿಯನ್ನು ಓದಬಲ್ಲ ಗೆಳೆಯನಿಂದ ಓದಿಸಿಕೊಳ್ಳುತ್ತಾನಂತೆ. ತರಬೇತಿ ಮಾತ್ರ ಇನ್ನೂ ನಡೆದಿಲ್ಲ.